ಲಾರಿ ಲೈನಿಗೆ ಇಳಿಯುವವರಿಗೆ: ಹೆವಿ ಲೈಸೆನ್ಸಿನಿಂದ ಟ್ರಿಪ್ ಹಿಸಾಬಿನ ತನಕ

ಹುಬ್ಬಳ್ಳಿ ಸುತ್ತ ಲಾರಿ ಕೆಲಸಕ್ಕೆ ಬರವಿಲ್ಲ. ಮುಂಬೈ–ಬೆಂಗಳೂರಿನ ಎನ್.ಎಚ್. 48, ವಿಜಯಪುರದ ಕಡೆಯಿಂದ ಬಂದು ಅಂಕೋಲಾಕ್ಕೆ ಇಳಿಯುವ 52, ಗದಗ–ಬಳ್ಳಾರಿ ಕಡೆ ಹೋಗುವ 67 ಇಲ್ಲೇ ಕೂಡುತ್ತವೆ. ಅಮರಗೋಳದ ಎಪಿಎಂಸಿ, ತಾರಿಹಾಳ ಮತ್ತು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ರಾಣೆಬೆನ್ನೂರು ಕಡೆಯ ಗೋವಿನಜೋಳ, ಎಲ್ಲಕ್ಕೂ ಗಾಡಿ ಬೇಕು, ಗಾಡಿಗೆ ಜನ ಬೇಕು. ಆದರೆ ಹೊಸದಾಗಿ ಬರುವ ಹುಡುಗರು ಸ್ಟೇರಿಂಗ್ ಒಂದನ್ನೇ ಕಲಿತು ಬರುತ್ತಾರೆ. ಪಗಾರ ಕಡಿತವಾಗುವುದು ಬಿಲ್ಟಿ (ಮಾಲಿನ ಜೊತೆ ಹೋಗುವ ಸಾಗಣೆ ರಸೀದಿ) ಓದದೆ ಸಹಿ ಹಾಕಿದ್ದಕ್ಕೆ, ಚೀಲ ಎಣಿಸದೆ ತಾಡಪತ್ರಿ ಬಿಗಿದಿದ್ದಕ್ಕೆ, ಕಾಟಾ ಚೀಟಿ (ಗಾಡಿ ತೂಕ ಮಾಡಿಸಿದ ರಸೀದಿ) ಕಳೆದುಕೊಂಡದ್ದಕ್ಕೆ. ಹೀಗಾಗಿ ಇಲ್ಲಿ ಓಡಿಸುವುದರ ಬಗ್ಗೆ ಕಡಿಮೆ, ಲೋಡು ಮತ್ತು ಕಾಗದದ ಬಗ್ಗೆ ಹೆಚ್ಚು ಬರೆದಿದ್ದೇವೆ.

ಲೈಸೆನ್ಸ್

18 ತುಂಬಿದ ಕೂಡಲೇ ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಮಾಡಿಸಿಕೊಳ್ಳಿ. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಅದರ ಎಲ್‌ಎಲ್‌ಗೆ (ಕಲಿಕಾ ಲೈಸೆನ್ಸಿಗೆ) ಅರ್ಜಿ ಹಾಕುವಾಗ ಎಲ್‌ಎಂವಿ ಲೈಸೆನ್ಸ್ ಕೈಗೆ ಬಂದು ಕನಿಷ್ಠ ಒಂದು ವರ್ಷ ಆಗಿರಬೇಕು. 20ಕ್ಕೆ ಬಂದು ಎರಡೂ ಒಟ್ಟಿಗೆ ಕೊಡಿ ಎಂದರೆ ಒಂದು ವರ್ಷ ಸುಮ್ಮನೆ ಹೋಗುತ್ತದೆ. ನಡುವಿನ ಎರಡು ವರ್ಷ ಕ್ಲೀನರ್ ಆಗಿಯೋ ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಟೇಬಲ್ಲಿನಲ್ಲೋ ಕೆಲಸ ಮಾಡಿದರೆ ಅದೇ ನಿಜವಾದ ತರಬೇತಿ.

ಅರ್ಜಿ ಸಾರಥಿ ಪೋರ್ಟಲ್‌ನಲ್ಲಿ. ಧಾರವಾಡ ಕೆಎ 25, ಹುಬ್ಬಳ್ಳಿ ಕೆಎ 63, ಗದಗ ಕೆಎ 26, ಹಾವೇರಿ ಕೆಎ 27, ರಾಣೆಬೆನ್ನೂರು ಕೆಎ 68: ನಿಮ್ಮ ವಿಳಾಸ ಯಾವ ಆರ್‌ಟಿಒ ಆಫೀಸಿಗೆ ಬರುತ್ತದೋ ಅದನ್ನೇ ಆರಿಸಿ. ವೈದ್ಯರಿಂದ ಫಾರಂ 1ಎ, ಡ್ರೈವಿಂಗ್ ಸ್ಕೂಲಿನಿಂದ ಫಾರಂ 5 ಬೇಕು. ಎಲ್‌ಎಲ್ ಸಿಕ್ಕ 30 ದಿನದ ಮೇಲೆ ಟೆಸ್ಟ್. ಎಲ್‌ಎಲ್ ಬಾಳುವುದು 6 ತಿಂಗಳು. ಕಣ್ಣಿನ ನಂಬರ್ ಮೊದಲೇ ತೋರಿಸಿಕೊಂಡು ಕನ್ನಡಕ ಹಾಕಿಕೊಂಡೇ ಹೋಗಿ. 8ನೇ ಇಯತ್ತೆ ಪಾಸಾಗಿರಬೇಕು ಎಂಬ ನಿಯಮವನ್ನು 2019ರಲ್ಲಿ ತೆಗೆದಿದ್ದಾರೆ. ಹಾಗಂತ ಓದು ಬೇಡ ಅಂತಲ್ಲ. ಬಿಲ್ಟಿ ಓದಲು ಬಾರದವನದು ಅರ್ಧ ಲೈಸೆನ್ಸೇ.

ಟಾಟಾ ಏಸ್, ಬೊಲೆರೊ ಪಿಕಪ್‌ನಂಥ ಸಣ್ಣ ಗಾಡಿಗೆ ಹೆವಿ ಬೇಕಿಲ್ಲ. ಒಟ್ಟು ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನವನ್ನು ಎಲ್‌ಎಂವಿ ಲೈಸೆನ್ಸಿನ ಮೇಲೆಯೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. 7,500 ಅಂದರೆ ಗಾಡಿ ಮತ್ತು ಮಾಲು ಸೇರಿ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಬರೆದಿರುವ ಒಟ್ಟು ತೂಕ, ಮಾಲಿನದೊಂದೇ ಅಲ್ಲ. ಗ್ಯಾಸ್, ಪೆಟ್ರೋಲ್ ಟ್ಯಾಂಕರ್ ಓಡಿಸುವವರಿಗೆ ಇದರ ಮೇಲೆ 3 ದಿನದ ತರಬೇತಿ, ಸರ್ಟಿಫಿಕೇಟ್, ಲೈಸೆನ್ಸಿನ ಮೇಲೆ ಪ್ರತ್ಯೇಕ ನಮೂದು ಬೇಕು.

ಸಾರಿಗೆ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಣ. ಮುಗಿಯುವುದಕ್ಕೆ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು. ಮುಗಿದ ಲೈಸೆನ್ಸಿನಲ್ಲಿ ಅಪಘಾತವಾದರೆ ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲಿ ಮಾಡಲು ಹೊರಡುತ್ತದೆ, ಮಾಲೀಕರು ನಿಮ್ಮ ಕಡೆ ನೋಡುತ್ತಾರೆ.

ಗಾಡಿ ಕೈಗೆ ತೆಗೆದುಕೊಳ್ಳುವಾಗ

ಆರ್‌ಸಿ, ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್), ವಿಮೆ, ಪರ್ಮಿಟ್, ಟ್ಯಾಕ್ಸ್, ಹೊಗೆ ತಪಾಸಣೆ: ಆರರ ತಾರೀಖನ್ನೂ ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಸಾಹುಕಾರರ (ಗಾಡಿ ಮಾಲೀಕರ) ಮಾತಿನ ಮೇಲೆ ಹೊರಡಬೇಡಿ. ಎಫ್‌ಸಿ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಹಳೆಯ ಗಾಡಿಗಳಲ್ಲಿ ಮುಗಿದು ಹೋಗಿರುವುದು ಹೆಚ್ಚಾಗಿ ಇದೇ. ನ್ಯಾಷನಲ್ ಪರ್ಮಿಟ್ ಇದ್ದರೂ ಅದರ ವಾರ್ಷಿಕ ಆಥರೈಸೇಶನ್ ಬೇರೆ, ಅದನ್ನೂ ನೋಡಿ. ಡಿಜಿಲಾಕರ್‌ನಲ್ಲಿರುವ ಪ್ರತಿ ಎಲ್ಲ ಕಡೆ ನಡೆಯುತ್ತದೆ.

ಟೈರಿನ ಗಾಳಿಯನ್ನು ತಣ್ಣಗಿದ್ದಾಗ ನೋಡಬೇಕು. ಓಡಿ ಬಿಸಿಯಾದ ಟೈರಿನಲ್ಲಿ ಪ್ರೆಶರ್ ಜಾಸ್ತಿ ತೋರಿಸುತ್ತದೆ. ಅದನ್ನು ಕಂಡು ಗಾಳಿ ಬಿಟ್ಟರೆ ತಣ್ಣಗಾದ ಮೇಲೆ ಕಡಿಮೆಯಾಗಿ, ಜೋಡಿ ಟೈರಿನಲ್ಲಿ ಇನ್ನೊಂದರ ಮೇಲೆ ಭಾರ ಬಿದ್ದು ಅದು ಒಡೆಯುತ್ತದೆ. ಒಳಗಿನ ಟೈರನ್ನು ಕಬ್ಬಿಣದ ರಾಡಿನಿಂದ ತಟ್ಟಿ ನೋಡುವ ಪದ್ಧತಿ ಗಾಳಿ ಪೂರ್ತಿ ಹೋಗಿದೆಯೇ ಎಂಬುದನ್ನಷ್ಟೇ ಹೇಳುತ್ತದೆ, ಎಷ್ಟಿದೆ ಎಂಬುದಕ್ಕೆ ಗೇಜೇ ಬೇಕು. ಟೈರ್ ಬದಲಿಸಿದ್ದರೆ 50–100 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ. ಬಿಎಸ್ 6 ಗಾಡಿಯಾದರೆ ಯೂರಿಯಾ ಟ್ಯಾಂಕ್ (ಹೊಗೆ ಶುದ್ಧ ಮಾಡುವ ದ್ರವದ್ದು) ನೋಡಿ. 100 ಲೀಟರ್ ಡೀಸೆಲಿಗೆ 4–5 ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಅದು ಖಾಲಿಯಾದರೆ ಇಂಜಿನ್ ಎಳೆಯುವುದನ್ನೇ ಬಿಡುತ್ತದೆ.

ತೂಕದ ಲೆಕ್ಕ

2018ರ ಜುಲೈನಿಂದ ಗಾಡಿಗಳ ಒಟ್ಟು ತೂಕದ ಮಿತಿ ಹೆಚ್ಚಿದೆ. 6 ಚಕ್ರದ ಎರಡು ಆಕ್ಸಲ್ ಗಾಡಿಗೆ 18.5 ಟನ್, 10 ಚಕ್ರಕ್ಕೆ 28.5 ಟನ್. ಆದರೆ ನಿಮ್ಮ ಗಾಡಿಗೆ ಅನ್ವಯಿಸುವುದು ಆರ್‌ಸಿಯಲ್ಲಿ ಇರುವ ಅಂಕಿ. ಹಳೆಯ ಗಾಡಿಯ ಆರ್‌ಸಿಯಲ್ಲಿ 10 ಚಕ್ರಕ್ಕೆ 25 ಟನ್ ಅಂತಲೇ ಇದ್ದರೆ 25 ಟನ್ನೇ.

ಲೆಕ್ಕ ಹೀಗೆ: ಖಾಲಿ ಗಾಡಿಯನ್ನು ಡೀಸೆಲ್ ತುಂಬಿಸಿ, ಹಗ್ಗ, ತಾಡಪತ್ರಿ, ಸ್ಟೆಪ್ನಿ, ಕ್ಲೀನರ್ ಸಮೇತ ಕಾಟಾ ಮಾಡಿಸಿ. 9,800 ಕೆ.ಜಿ. ಬಂತು ಅನ್ನಿ. 28,500ರಲ್ಲಿ 9,800 ಕಳೆದರೆ 18,700. ಇದರಲ್ಲಿ 200 ಕೆ.ಜಿ. ಬಿಟ್ಟು 18,500 ತುಂಬಿಸಿ, ಏಕೆಂದರೆ ಎರಡು ಕಾಟಾಗಳು ಒಂದೇ ತೂಕ ತೋರಿಸುವುದು ಅಪರೂಪ. ಆರ್‌ಸಿಯಲ್ಲಿರುವ ಖಾಲಿ ತೂಕ ನಂಬಿ ಲೆಕ್ಕ ಹಾಕಿದವರೇ ಸಿಕ್ಕಿಬೀಳುವುದು. ಆಮೇಲೆ ಕಟ್ಟಿಸಿದ ಬಾಡಿ, ಕ್ಯಾಬಿನ್ ಮೇಲಿನ ಕ್ಯಾರಿಯರ್ ಅದರಲ್ಲಿ ಸೇರಿರುವುದಿಲ್ಲ.

ಓವರ್‌ಲೋಡಿಗೆ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಹೇಳುವುದು 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000, ಹೆಚ್ಚಿನ ಮಾಲು ಇಳಿಸುವ ಖರ್ಚು ಬೇರೆ. ತೂಕ ಮಾಡಿಸದೆ ತಪ್ಪಿಸಿಕೊಂಡು ಹೋದರೆ 40,000. 'ಸಾಹುಕಾರ್ ಕಟ್ತಾರ' ಎಂಬ ಧೈರ್ಯ ಬೇಡ, ಪ್ರಕರಣದಲ್ಲಿ ಬರುವುದು ಡ್ರೈವರ್ ಹೆಸರು.

ಭಾರ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ. ಸಿಮೆಂಟ್, ಕಬ್ಬಿಣ, ಗೊಬ್ಬರದಂಥ ಮಾಲು ಬಾಡಿ ತುಂಬುವ ಮೊದಲೇ ತೂಕ ಮುಗಿಸುತ್ತದೆ. ಹಮಾಲರು ಇಳಿಸಲು ಹಗುರಾಗಲಿ ಅಂತ ಹಿಂದಿನ ಡಾಲಾ ಕಡೆಯೇ ಒಟ್ಟಿದರೆ ಮುಂದಿನ ಚಕ್ರಕ್ಕೆ ಭಾರ ತಪ್ಪಿ ಸ್ಟೇರಿಂಗ್ ಹಗುರಾಗುತ್ತದೆ, ಏರಿನಲ್ಲಿ ಗಾಡಿ ತಿರುಗಿಸಿದಲ್ಲಿಗೆ ಬರುವುದಿಲ್ಲ. ಇಡೀ ತಳಕ್ಕೆ ಸಮನಾಗಿ ಹರಡಿಸಿ.

ಮೆಣಸಿನಕಾಯಿ ಲೋಡು

ಈ ಸೀಮೆಯಲ್ಲಿ ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಮಾಲಿಲ್ಲ, ಇದಕ್ಕಿಂತ ತಂಟೆಯದೂ ಇಲ್ಲ. ಬ್ಯಾಡಗಿ ಪೇಟೆ ಸೋಮವಾರ ಮತ್ತು ಗುರುವಾರ. ಜನವರಿಯಿಂದ ಮಾರ್ಚ್ ತನಕ ಭರಾಟೆ ಜೋರು. ಪೇಟೆಯ ದಿನ ಸಂಜೆ ಗಾಡಿ ಒಳಗೆ ತಂದರೆ ಹೊರಗೆ ಬರುವುದಕ್ಕೇ ರಾತ್ರಿಯಾಗುತ್ತದೆ. ಅಡತಿ ಅಂಗಡಿಯಲ್ಲಿ ಚೀಲ ಹೊಲಿದು ಮಾರ್ಕಾ ಹಾಕಿದ್ದು ಖಾತ್ರಿಯಾದ ಮೇಲೆ ಗಾಡಿ ಹಚ್ಚಿ.

ಮೆಣಸಿನಕಾಯಿ ಹಗುರು, ಆದರೆ ಉಬ್ಬಿದ ಮಾಲು. ತೂಕ ಮುಗಿಯುವ ಮೊದಲೇ ಜಾಗ ಮುಗಿಯುತ್ತದೆ. ಲಾರಿ ಮಾಲು ಸೇರಿ ನೆಲದಿಂದ 4 ಮೀಟರ್ ಮೀರಬಾರದು, ಅಗಲ 2.6 ಮೀಟರ್. ಬಾಡಿಯ ತಳ ನೆಲದಿಂದ ಒಂದೂವರೆ ಮೀಟರ್ ಇದ್ದರೆ ಮಾಲಿಗೆ ಸಿಗುವುದು ಎರಡೂವರೆ ಮೀಟರ್. 'ಇನ್ನೊಂದು ಥರ ಹಾಕ್ರಿ' (ಇನ್ನೊಂದು ಪದರ ಚೀಲ) ಎಂದು ಎಲ್ಲರೂ ಒತ್ತಾಯಿಸುವುದು ಇಲ್ಲೇ. ಎತ್ತರ ಮೀರಿದ್ದಕ್ಕೂ ದಂಡ 20,000ವೇ. ಅದಕ್ಕಿಂತ ದೊಡ್ಡ ಅಪಾಯ ಹಳ್ಳಿ ರಸ್ತೆಯಲ್ಲಿ ಜೋತುಬಿದ್ದ ಕರೆಂಟ್ ತಂತಿ. ಎತ್ತರದ ಲೋಡಿನ ಭಾರ ಮೇಲಕ್ಕೇರಿರುವುದರಿಂದ ಮೋಟೆಬೆನ್ನೂರಿನ ಬಳಿ ಹೆದ್ದಾರಿಗೆ ತಿರುಗುವಾಗಲೂ ಗಾಡಿ ವಾಲುತ್ತದೆ, ನಿಧಾನ ಇರಲಿ.

ತುಂಬುವ ಮೊದಲು ಬಾಡಿ ಗುಡಿಸಿ ಮೂಸಿ ನೋಡಿ. ಗೊಬ್ಬರ, ಸೀಮೆಎಣ್ಣೆ, ಕೀಟನಾಶಕದ ವಾಸನೆಯಿದ್ದರೆ ಮೆಣಸಿನಕಾಯಿ ಅದನ್ನು ಹೀರಿಕೊಳ್ಳುತ್ತದೆ. ತೊಳೆದು ಒಣಗಿಸದೆ ಹಚ್ಚಬೇಡಿ. ಎದ್ದು ನಿಂತ ಮೊಳೆ ಬಡಿದು ಕೂಡಿಸಿ. ತಳಕ್ಕೆ ಒಂದು ಹಳೆಯ ತಾಡಪತ್ರಿ, ಅದರ ಮೇಲೆ ಖಾಲಿ ಚೀಲ. ರಸ್ತೆಯ ನೀರು ಸಿಡಿದು ಮೊದಲು ಹಾಳಾಗುವುದು ತಳದ ಥರವೇ.

ಥರವನ್ನು ಗೋಡೆ ಕಟ್ಟಿದಂತೆ ಕಟ್ಟಿಸಿ: ಒಂದು ಥರ ಅಡ್ಡ, ಮುಂದಿನದು ಉದ್ದ, ಸಂದಿ ಮೇಲೆ ಸಂದಿ ಬರಬಾರದು. ಹೊರಸಾಲಿನ ಚೀಲಗಳ ಹೊಲಿಗೆ ಬಾಯಿ ಒಳಮುಖವಾಗಿರಲಿ. ಹೊರಗಿದ್ದರೆ ಹಗ್ಗದ ತಿಕ್ಕಾಟಕ್ಕೆ ಬಿಚ್ಚುತ್ತದೆ. ನಡುವಿನ ಸಾಲನ್ನು ಒಂದು ಚೀಲದಷ್ಟು ಎತ್ತರಿಸಿದರೆ ತಾಡಪತ್ರಿಯ ಮೇಲೆ ನೀರು ನಿಲ್ಲುವುದಿಲ್ಲ. ಒಣಗಿದ ಕಾಯಿ ತುಳಿತಕ್ಕೆ ಮುರಿದು ಬೀಜ ಉದುರುತ್ತದೆ. ಖರೀದಿದಾರ ಅದಕ್ಕೂ ದರ ಕತ್ತರಿಸುತ್ತಾನೆ. ಹಮಾಲರು ನಡೆಯುವ ದಾರಿಗೆ ಹಲಗೆ ಹಾಕಿ. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ಕೋಲ್ಡ್ ಸ್ಟೋರೇಜಿನಿಂದ ತೆಗೆದ ಮಾಲಾದರೆ ಬೇರೆ ಜಾಗ್ರತೆ ಬೇಕು. ತಣ್ಣನೆಯ ಚೀಲ ಬಿಸಿಗಾಳಿಗೆ ಬಂದ ಕೂಡಲೇ ಬೆವರುತ್ತದೆ. ಅಂಗೈ ಇಟ್ಟರೆ ತೇವ ತಾಗುತ್ತದೆ. ಆ ಸ್ಥಿತಿಯಲ್ಲೇ ತಾಡಪತ್ರಿ ಬಿಗಿದರೆ ತೇವ ಒಳಗೇ ಉಳಿದು ದಾರಿಯಲ್ಲೇ ಬೂಸ್ಟು ಹಿಡಿಯುತ್ತದೆ, ಕಾಯಿಯ ಬಣ್ಣ ಕಪ್ಪಾಗುತ್ತದೆ. ನೆರಳಿನಲ್ಲಿ ಗಾಳಿಯಾಡಲು ಬಿಟ್ಟು ಚೀಲದ ಮೇಲ್ಮೈ ಒಣಗಿದ ಮೇಲೆಯೇ ತುಂಬಿಸಿ. ಅವಸರ ಮಾಡಿದರೆ, 'ಚೀಲಗಳಿಗೆ ತೇವ ಇದೆ' ಎಂದು ಬಿಲ್ಟಿಯ ಮೇಲೆ ಬರೆದು ಕಳಿಸುವವರ ಸಹಿ ಪಡೆಯಿರಿ. ಬರೆಯುತ್ತೇನೆ ಎಂದ ಕೂಡಲೇ ಅವಸರ ಎಷ್ಟೋ ಸಲ ತಾನೇ ಕಡಿಮೆಯಾಗುತ್ತದೆ.

ಎರಡು ತಾಡಪತ್ರಿ ಹಾಕುವುದಾದರೆ ಹಿಂದಿನದನ್ನು ಮೊದಲು ಹಾಸಿ, ಮುಂದಿನದರ ಅಂಚು ಅದರ ಮೇಲೆ ಬರಲಿ. ಉಲ್ಟಾ ಆದರೆ ಓಡುವ ಗಾಳಿ ಸಂದಿಯಲ್ಲಿ ನುಗ್ಗಿ ಎಬ್ಬಿಸುತ್ತದೆ. ಮೊದಲ ಒಂದು ಗಂಟೆಯ ಓಟಕ್ಕೆ ಚೀಲಗಳು ಕುಗ್ಗಿ ಹಗ್ಗ ಸಡಿಲಾಗುತ್ತದೆ. ನಿಲ್ಲಿಸಿ ಮತ್ತೆ ಬಿಗಿಯಿರಿ.

ಬಿಲ್ಟಿ

ಬಿಲ್ಟಿಯಲ್ಲಿ ಇರಲೇಬೇಕಾದವು: ಕಳಿಸುವವರು, ಪಡೆಯುವವರು, ಗಾಡಿ ನಂಬರ್, ಮಾಲಿನ ವಿವರ ಮತ್ತು ನಗ (ಚೀಲ, ಪೆಟ್ಟಿಗೆಗಳ ಎಣಿಕೆ), ಎಲ್ಲಿಂದ ಎಲ್ಲಿಗೆ, ಬಾಡಿಗೆ, ಬಾಡಿಗೆ ಮೇಲಿನ ಜಿಎಸ್‌ಟಿ ಯಾರು ಕಟ್ಟುವವರು. 'ಪೇಯ್ಡ್' ಅಂದರೆ ಬಾಡಿಗೆ ಇಲ್ಲೇ ಮುಗಿದಿದೆ. 'ಟು ಪೇ' ಅಂದರೆ ಇಳಿಸುವಲ್ಲಿ ವಸೂಲಿ. ಟು ಪೇ ಬಿಲ್ಟಿಯ ಮಾಲನ್ನು ಹಣ ಬರುವ ಮೊದಲು ಅಥವಾ ಆಫೀಸಿನಿಂದ ಫೋನ್ ಬರುವ ಮೊದಲು ಇಳಿಸಿದರೆ ಆ ಬಾಕಿ ನಿಮ್ಮ ತಲೆಗೇ.

ಡ್ರೈವರ್ ಜವಾಬ್ದಾರಿ ಎಣಿಕೆಯದು. ಹಮಾಲರ ಮುಕದ್ದಮ (ಮುಖಂಡ), ನೀವು, ಅಂಗಡಿಯ ಗುಮಾಸ್ತ, ಮೂವರೂ ಬೇರೆ ಬೇರೆ ಎಣಿಸಿ ಕೊನೆಗೆ ತಾಳೆ ನೋಡಿ. ಚೀಲದೊಳಗಿನ ತೂಕಕ್ಕೆ ನೀವು ಸಾಕ್ಷಿಯಲ್ಲ. ಒಣ ಮೆಣಸಿನಕಾಯಿ ದಾರಿಯಲ್ಲಿ ತೇವ ಬಿಟ್ಟು ತೂಕ ಇಳಿಯುವುದು ಸಹಜ. ಹಾಗಾಗಿ ಹೊರಡುವಾಗಿನ ಕಾಟಾ ಚೀಟಿ ಬಿಲ್ಟಿಗೆ ಪಿನ್ ಮಾಡಿ, ಇಳಿಸುವ ಊರಿನಲ್ಲೂ ತುಂಬಿದ ತೂಕ ಮತ್ತು ಖಾಲಿ ತೂಕದ ಚೀಟಿ ಎರಡನ್ನೂ ಇಸಿದುಕೊಳ್ಳಿ. ಕಾಟಾ ಚೀಟಿಯ ಶಾಯಿ ಬಿಸಿಲಿಗೆ ಅಳಿಸಿಹೋಗುತ್ತದೆ, ಫೋಟೊ ತೆಗೆದಿಡಿ.

ಬುಕಿಂಗ್ ಟೇಬಲ್ಲಿನಲ್ಲಿ ಕೂರುವವರಿಗೆ ಒಂದು ಮಾತು: ಮಾಲಿನ ಮೌಲ್ಯವನ್ನು ಹೆಚ್ಚಿನ ಜವಾಬ್ದಾರಿಗಾಗಿ ಘೋಷಿಸದಿದ್ದರೆ ರಸ್ತೆ ಸಾಗಣೆ ನಿಯಮದ ಪ್ರಕಾರ ಟ್ರಾನ್ಸ್‌ಪೋರ್ಟಿನ ಹೊಣೆ ಬಾಡಿಗೆಯ 10 ಪಟ್ಟಿನ ತನಕ ಮಾತ್ರ. ಇದನ್ನು ಬುಕ್ ಮಾಡುವಾಗಲೇ ಗಿರಾಕಿಗೆ ಹೇಳಿ. ನಷ್ಟದ ಲಿಖಿತ ನೋಟಿಸು ಬುಕಿಂಗ್ ಆದ ದಿನದಿಂದ 180 ದಿನದೊಳಗೆ ಬರಬೇಕು, ಅಲ್ಲಿಯ ತನಕವಂತೂ ಹಳೆಯ ಬಿಲ್ಟಿ ಪುಸ್ತಕ ರದ್ದಿಗೆ ಹಾಕಬೇಡಿ.

ಇ-ವೇ ಬಿಲ್

ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡಿಸುವ ಜಿಎಸ್‌ಟಿ ದಾಖಲೆ ಇದು. 50,000 ರೂಪಾಯಿ ಮೀರಿದ, ತೆರಿಗೆ ಇರುವ ಮಾಲಿಗೆ ಬೇಕು. ಒಣ ಮೆಣಸಿನಕಾಯಿಗೆ 5% ಜಿಎಸ್‌ಟಿ ಇರುವುದರಿಂದ ಬೇಕು. ಹಸಿ ಮೆಣಸಿನಕಾಯಿ, ಈರುಳ್ಳಿಗೆ ಬೇಡ. 'ಎ' ಭಾಗ ಮಾಲಿನದು, 'ಬಿ' ಭಾಗ ಗಾಡಿಯದು. 'ಬಿ' ತುಂಬದ ಇ-ವೇ ಬಿಲ್ ಹಿಡಿದು ಹೆದ್ದಾರಿ ಹತ್ತಿದರೆ ಕೈಯಲ್ಲಿ ಏನೂ ಇಲ್ಲದಂತೆಯೇ. ಕಳಿಸುವವರ ಅಂಗಡಿಯಿಂದ ಟ್ರಾನ್ಸ್‌ಪೋರ್ಟ್ ಗೋದಾಮಿಗೆ ರಾಜ್ಯದೊಳಗೆ 50 ಕಿ.ಮೀ. ತನಕ ಮಾತ್ರ 'ಬಿ' ಇಲ್ಲದೆ ನಡೆಯುತ್ತದೆ.

ಅವಧಿ ಪ್ರತಿ 200 ಕಿ.ಮೀ.ಗೆ ಅಥವಾ ಅದರ ತುಂಡಿಗೆ ಒಂದು ದಿನ. 340 ಕಿ.ಮೀ. ದಾರಿಗೆ 2 ದಿನ, 410ಕ್ಕೆ 3. ಎಣಿಕೆ 'ಬಿ' ತುಂಬಿದಾಗಿನಿಂದ ಶುರು, ಮೊದಲ ದಿನ ಮುಗಿಯುವುದು ಮರುದಿನದ ಮಧ್ಯರಾತ್ರಿಗೆ. 10ನೇ ತಾರೀಖು ಸಂಜೆ 4ಕ್ಕೆ ಮಾಡಿದ 2 ದಿನದ ಬಿಲ್ 12ನೇ ತಾರೀಖು ಮುಗಿಯುವ ಮಧ್ಯರಾತ್ರಿ ತನಕ ನಡೆಯುತ್ತದೆ. ಗಾಡಿ ಕೆಟ್ಟು ನಿಂತರೆ ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯೊಳಗೆ ವಿಸ್ತರಿಸಬೇಕು. ಅಂದರೆ ಸಂಜೆ 4ರಿಂದ ಮರುದಿನ ಬೆಳಿಗ್ಗೆ 8ರ ತನಕ. ಆಫೀಸು ಮುಚ್ಚಿರುವ ಹೊತ್ತೇ ಹೆಚ್ಚು, ಆದ್ದರಿಂದ ಬುಕಿಂಗ್ ಗುಮಾಸ್ತರ ಮೊಬೈಲ್ ನಂಬರ್ ಇಟ್ಟುಕೊಂಡೇ ಹೊರಡಿ. ಮಾಲನ್ನು ಬೇರೆ ಗಾಡಿಗೆ ಏರಿಸಿದರೆ, ಹೊರಡುವ ಮೊದಲು 'ಬಿ' ಭಾಗದಲ್ಲಿ ಹೊಸ ನಂಬರ್ ಹಾಕಿಸಬೇಕು.

ಗಾಡಿ ನಂಬರ್ ಬರೆಯುವಾಗ 25 ಮತ್ತು 63, ಓ ಮತ್ತು ಸೊನ್ನೆ ಅದಲು ಬದಲಾಗುವುದು ಬಹಳ. ಒಂದೆರಡು ಅಕ್ಷರದ ತಪ್ಪಿಗೆ 1,000 ರೂಪಾಯಿ ದಂಡದಲ್ಲಿ ಮುಗಿಸಬೇಕೆಂದು ತೆರಿಗೆ ಇಲಾಖೆಯ 2018ರ ಸುತ್ತೋಲೆ ಇದೆ. ಗಾಡಿ ತಡೆದಾಗ ಅದನ್ನು ಸಮಾಧಾನದಿಂದ ನೆನಪಿಸಬಹುದು. ಬಿಲ್ಲೇ ಇಲ್ಲದಿದ್ದರೆ ಮಾತ್ರ ತೆರಿಗೆಯ ಎರಡು ಪಟ್ಟು. 12 ಲಕ್ಷದ ಮೆಣಸಿನಕಾಯಿಗೆ ತೆರಿಗೆ 60,000, ದಂಡ 1,20,000, ಅದು ಕಟ್ಟುವ ತನಕ ಗಾಡಿ ಅಲ್ಲೇ.

ದಾರಿ

ಅಂಕೋಲಾ ಕಡೆ ಹೋಗುವವರಿಗೆ ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಾಟ್. ಯಾವ ಗೇರಿನಲ್ಲಿ ಆ ಲೋಡು ಹತ್ತುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಬೇಕು, ಅದನ್ನು ಇಳಿಜಾರು ಶುರುವಾಗುವ ಮೊದಲೇ ಹಾಕಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರ ಬ್ರೇಕ್ ಡ್ರಮ್ ಕಾದು, ಪೆಡಲ್ ಒತ್ತಿದರೂ ಹಿಡಿಯದ ಹಂತಕ್ಕೆ ಬರುತ್ತದೆ. ಎಕ್ಸಾಸ್ಟ್ ಬ್ರೇಕ್ ಬಳಸಿ, ಗಾಳಿ ಗೇಜಿನ ಮೇಲೆ ಕಣ್ಣಿರಲಿ. ಸುಟ್ಟ ವಾಸನೆ ಬಂದರೆ ಸಮತಟ್ಟಿನಲ್ಲಿ ನಿಲ್ಲಿಸಿ ತಾನಾಗಿ ಆರಲು ಬಿಡಿ. ನೀರು ಸುರಿದರೆ ಡ್ರಮ್ ಬಿರುಕು ಬಿಡುತ್ತದೆ.

ದಾರಿಯಲ್ಲಿ ಕೈ ಮಾಡಿದವರನ್ನು ಹತ್ತಿಸಿಕೊಳ್ಳಬೇಡಿ. ಡ್ರೈವರ್, ಕ್ಲೀನರ್, ಮಾಲಿನ ಮಾಲೀಕ ಅಥವಾ ಅವರ ಕಡೆಯವರು ಬಿಟ್ಟರೆ ಸರಕು ಗಾಡಿಯಲ್ಲಿ ಕೂತವರಿಗೆ ವಿಮೆ ಬರುವುದಿಲ್ಲ.

ಇಳಿಸುವುದು, ಹಿಸಾಬು

ಇಳಿಸಿದ ಮೇಲೆ ಬಿಲ್ಟಿಯ ಪ್ರತಿಯ ಮೇಲೆ ಪಡೆದವರ ಸಹಿ, ಸಿಕ್ಕಾ, ತಾರೀಖು, ಗಾಡಿ ಬಂದ ಹೊತ್ತು ಮತ್ತು ಖಾಲಿಯಾದ ಹೊತ್ತು ಬರೆಸಿ. ಹಾಲ್ಟಿಂಗ್ (ಗಾಡಿ ಕಾದು ನಿಂತದ್ದರ ಹಣ) ಕೇಳಲು ಈ ಎರಡು ಹೊತ್ತೇ ಆಧಾರ. 'ಮಾಲು ಕಮ್ಮಿ' ಎಂದು ಅವರು ಬರೆದರೆ ಎಷ್ಟು ನಗ ಎಂದು ಅಂಕಿಯಲ್ಲಿ ಬರೆಸಿ. ಬರೀ 'ಕಮ್ಮಿ' ಎಂದಿದ್ದರೆ ಆಫೀಸಿನಲ್ಲಿ ಅದು ಎಷ್ಟಕ್ಕಾದರೂ ಹಿಗ್ಗುತ್ತದೆ.

ಪಗಾರ ಮೂರು ಥರ ನಡೆಯುತ್ತದೆ: ತಿಂಗಳ ಪಗಾರ ಮತ್ತು ಭತ್ತಾ, ಕಿಲೋಮೀಟರ್ ಲೆಕ್ಕ, ಬಾಡಿಗೆಯಲ್ಲಿ ಪಾಲು. ಯಾವುದೇ ಇರಲಿ, ಟೋಲ್, ಹಮಾಲಿ, ಕಾಟಾ, ಪಂಕ್ಚರ್, ಪಾರ್ಕಿಂಗ್ ಯಾರ ಖರ್ಚು ಎಂದು ಸೇರುವ ದಿನವೇ ಮಾತಾಡಿ ವಾಟ್ಸಾಪ್‌ನಲ್ಲಿ ಕಳಿಸಿ 'ಸರಿ' ಅನ್ನಿಸಿಕೊಳ್ಳಿ. ಡೀಸೆಲ್ ಹಿಸಾಬಿಗೆ ಒಂದೇ ಕ್ರಮ: ಟ್ಯಾಂಕ್ ಫುಲ್ ಮಾಡಿ ಮೀಟರ್ ಬರೆಯಿರಿ, ವಾಪಸ್ ಬಂದು ಅದೇ ಬಂಕಿನಲ್ಲಿ ಮತ್ತೆ ಫುಲ್. 820 ಕಿ.ಮೀ.ಗೆ 205 ಲೀಟರ್ ಹಿಡಿದರೆ ಲೀಟರಿಗೆ 4. ಅರ್ಧ ಟ್ಯಾಂಕಿನ ಅಂದಾಜಿನಲ್ಲಿ ಮಾಡಿದ ಮೈಲೇಜು ಜಗಳಕ್ಕೇ ದಾರಿ.

ಪಗಾರ ಬ್ಯಾಂಕ್ ಖಾತೆಗೆ ಬರಲಿ. ಅಪಘಾತದ ಪರಿಹಾರ ಲೆಕ್ಕ ಹಾಕುವುದು ಪಗಾರದ ಮೇಲೆ, ನಗದಿಗೆ ಸಾಕ್ಷಿ ಸಿಗುವುದಿಲ್ಲ. 10 ಅಥವಾ ಹೆಚ್ಚು ಜನ ಕೆಲಸ ಮಾಡುವ ಆಫೀಸಿನಲ್ಲಿ ಪಗಾರ 21,000ದೊಳಗಿದ್ದರೆ ಇಎಸ್‌ಐ (ನೌಕರರ ವಿಮೆ) ಕೇಳಿ. ನಿಮ್ಮಿಂದ ಹೋಗುವುದು 0.75%. ಪಿಎಫ್, ಇಎಸ್‌ಐ ಇಲ್ಲದ ಡ್ರೈವರ್, ಕ್ಲೀನರ್, ಹಮಾಲರು 16ರಿಂದ 59 ವಯಸ್ಸಿನೊಳಗೆ ಅಸಂಘಟಿತ ಕಾರ್ಮಿಕರಿಗಾಗಿ ಇರುವ ಇ-ಶ್ರಮ್‌ನಲ್ಲಿ ನೋಂದಾಯಿಸಿಕೊಳ್ಳಬಹುದು. ಹಮಾಲರಿಗೆ ಕಾರ್ಮಿಕ ಇಲಾಖೆಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯೂ ಇದೆ.

ಟ್ರಿಪ್ ನೋಟ್‌ಬುಕ್ಕಿನಲ್ಲಿ ಒಂದು ಟ್ರಿಪ್ಪಿಗೆ ಒಂದು ಪುಟ: ಮೇಲೆ ಗಾಡಿ ನಂಬರ್, ಬಿಲ್ಟಿ ನಂಬರ್, ಹೊರಟ ಮತ್ತು ಬಂದ ಮೀಟರ್, ಎಡಕ್ಕೆ ತೆಗೆದುಕೊಂಡ ಅಡ್ವಾನ್ಸ್, ಬಲಕ್ಕೆ ಖರ್ಚು, ಕೆಳಗೆ ಬಾಕಿ. ಹಿಸಾಬು ಮುಗಿದ ದಿನವೇ ಆ ಪುಟದ ಕೆಳಗೆ ಮಾಲೀಕರ ಸಹಿ ಹಾಕಿಸಿ, ಬಿಲ್ಟಿ ಪ್ರತಿ ಆಫೀಸಿಗೆ ಕೊಟ್ಟದ್ದಕ್ಕೆ ತಾರೀಖು ಬರೆಸಿಕೊಳ್ಳಿ. ಸಹಿಯಾಗದ ಪುಟ ಎರಡಕ್ಕಿಂತ ಹೆಚ್ಚು ಕೂಡಿಬಿದ್ದರೆ ಮುಂದಿನ ಲೋಡಿಗೆ ಗಾಡಿ ಹಚ್ಚುವ ಮೊದಲು ಹಿಸಾಬಿಗೆ ಕೂರಿ.